ಎರಡನೇ ಕರೆ ಬರುವ ಸಂಗೀತಗಾರ

ನಾನು ಸ್ಟುಡಿಯೊ ಮತ್ತು ವೇದಿಕೆಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಕಾರ್ಯಕ್ರಮಗಳಿಗೆ ವಾದಕರನ್ನು ಹೊಂದಿಸಿಕೊಡುವ ಕೆಲಸವನ್ನೂ ಮಾಡುತ್ತೇನೆ. ಹೊಸಬರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಮೊದಲ ಅವಕಾಶ ಸಿಗುವುದು ಹೇಗೆ? ಮೊದಲ ಅವಕಾಶ ಯಾರಿಗೋ ಜ್ವರ ಬಂದದ್ದರಿಂದಲೂ ಸಿಕ್ಕೀತು, ಯಾರದೋ ಪರಿಚಯದಿಂದಲೂ ಸಿಕ್ಕೀತು. ಅದೇ ಜನ ಮತ್ತೆ ಕರೆದಾಗಲೇ ವೃತ್ತಿ ಶುರುವಾಗುವುದು.

ಮತ್ತೆ ಕರೆಯುವವರು ಏನು ನೋಡುತ್ತಾರೆ? ಬೆರಳಿನ ವೇಗವನ್ನಂತೂ ಅಲ್ಲ. ಅದು ಎಲ್ಲರಲ್ಲೂ ಇರುತ್ತದೆ. ಹಾಡುಗಳನ್ನು ಮನೆಯಲ್ಲೇ ಕಲಿತು ಬಂದಿದ್ದಾರೆಯೇ, ಗಾಯಕಿಯ ಗಂಟಲು ಅಂದು ಸರಿಯಿಲ್ಲ ಎಂದಾಗ ನಿಂತ ನಿಲುವಿನಲ್ಲೇ ಒಂದು ಸ್ವರ ಕೆಳಗಿಳಿಸಿ ನುಡಿಸಬಲ್ಲರೇ, ಮಾತು ಬರುವ ಸಾಲಿನಲ್ಲಿ ಕೈ ಕಟ್ಟಿ ಕೂರಬಲ್ಲರೇ ಎಂಬುದನ್ನು ನೋಡುತ್ತಾರೆ. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಹಾಡಿಗೆ ಜಾಗ ಬಿಟ್ಟು ನುಡಿಸುವವರ ಜೊತೆ ಗಾಯಕರು ನಿರಾಳವಾಗಿ ಹಾಡುತ್ತಾರೆ, ಮುಂದಿನ ಸಲ ಅವರ ಹೆಸರನ್ನೇ ಕೇಳುತ್ತಾರೆ. ಸಂದೇಶಕ್ಕೆ ಅದೇ ದಿನ ಉತ್ತರಿಸುವುದೂ ಮುಖ್ಯ. ಬರಲಾಗದಿದ್ದರೆ ಕೂಡಲೇ ಹೇಳಿ, ತನಗಿಂತ ಚೆನ್ನಾಗಿ ನುಡಿಸುವವರ ಹೆಸರನ್ನು ಸೂಚಿಸುವವರನ್ನು ಸಂಯೋಜಕರು ಮರೆಯುವುದಿಲ್ಲ.

ಪಾಠ ಹೇಳುವುದು, ವಾದ್ಯ ಸಂಯೋಜನೆ, ಸ್ಟುಡಿಯೊ ನುಡಿಸಾಣಿಕೆ, ವೇದಿಕೆ, ಇವೆಲ್ಲ ಸೇರಿಯೇ ಹೆಚ್ಚಿನವರ ಸಂಪಾದನೆ. ಪಾಠ ಹೇಳುವವರನ್ನು ಸೋತವರೆಂದು ಕಾಣುವ ರೂಢಿ ನನಗೆ ನೋವು ತರುತ್ತದೆ. ಕಾರ್ಯಕ್ರಮಗಳಿಲ್ಲದ ತಿಂಗಳುಗಳಲ್ಲಿ ವೃತ್ತಿಯನ್ನು ಹಿಡಿದು ನಿಲ್ಲಿಸುವುದು ಅದೇ.

ಹೆಚ್ಚು ನಷ್ಟವಾಗುವುದು ಹಕ್ಕುಗಳ ವಿಷಯದಲ್ಲಿ, ಅದೂ ಸದ್ದಿಲ್ಲದೆ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿವೆ: ಸಾಹಿತ್ಯ ಮತ್ತು ರಾಗಸಂಯೋಜನೆ ಸೇರಿದ ಕೃತಿ ಒಂದು, ಅದರ ಧ್ವನಿಮುದ್ರಣ ಇನ್ನೊಂದು. ಕೃತಿಕಾರರ ಹಕ್ಕಿಗೆ 1886ರ ಬರ್ನ್ ಒಪ್ಪಂದದಿಂದಲೇ ಅಂತರರಾಷ್ಟ್ರೀಯ ರಕ್ಷಣೆಯಿದೆ. ನುಡಿಸುವ, ಹಾಡುವ ಕಲಾವಿದರಿಗೆ ಅಂಥದ್ದು ಸಿಕ್ಕಿದ್ದು 1961ರ ರೋಮ್ ಒಪ್ಪಂದದಲ್ಲಿ. ಕೃತಿಗೆ ಐಎಸ್‌ಡಬ್ಲ್ಯುಸಿ ಎಂಬ ಗುರುತಿನ ಸಂಕೇತ, ಪ್ರತಿ ಧ್ವನಿಮುದ್ರಣಕ್ಕೂ ಪ್ರತ್ಯೇಕವಾಗಿ ಹನ್ನೆರಡು ಅಕ್ಷರಾಂಕಗಳ ಐಎಸ್‌ಆರ್‌ಸಿ. ಅದೇ ಹಾಡನ್ನು ವೇದಿಕೆಯಲ್ಲಿ ಮತ್ತೆ ಮುದ್ರಿಸಿದರೆ ಐಎಸ್‌ಆರ್‌ಸಿ ಹೊಸದು, ಕೃತಿಯ ಸಂಕೇತ ಹಳೆಯದೇ. ಹಾಡು ಎಲ್ಲಿ ಬಳಕೆಯಾಯಿತು, ಹಣ ಯಾರಿಗೆ ಸೇರಬೇಕು ಎಂಬುದನ್ನು ರಾಯಧನ ಹಂಚುವ ಸಂಸ್ಥೆಗಳು ಇಂಥ ದಾಖಲೆಗಳಿಂದಲೇ ಹೊಂದಿಸುತ್ತವೆ. ಹೆಸರು ಸೇರಿಸದೆ ಬಿಟ್ಟರೆ ಹಾಡು ಎಷ್ಟು ಕೇಳಿಸಿದರೂ ನಿಮ್ಮ ಪಾಲು ನಿಮ್ಮವರೆಗೆ ಬರದೇ ಹೋಗಬಹುದು.

ಸ್ಟ್ರೀಮಿಂಗ್‌ನಿಂದಲೇ ಬದುಕುತ್ತೇವೆಂದು ನಂಬಿದ ಹುಡುಗ ಹುಡುಗಿಯರಿಗೆ ನಾನು ತೋರಿಸುವುದು ಒಂದು ನಿಯಮವನ್ನು: 2024ರಿಂದ ಸ್ಪಾಟಿಫೈನಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ರಾಯಧನ ಹುಟ್ಟುವುದೇ ಇಲ್ಲ. ಹಾಡು ಬಿಡುಗಡೆ ಮಾಡಬೇಡಿ ಎಂದಲ್ಲ. ಅದು ನಿಮ್ಮನ್ನು ಪರಿಚಯಿಸುತ್ತದೆ, ಕಾರ್ಯಕ್ರಮ ತರುತ್ತದೆ. ಆದರೆ ತಿಂಗಳ ಖರ್ಚಿನ ಲೆಕ್ಕವನ್ನು ಅದರ ಮೇಲೆ ಇಡಬೇಡಿ.

ಕಿವಿಯ ವಿಷಯವನ್ನು ಯಾರೂ ಸಾಕಷ್ಟು ಬೇಗ ಹೇಳುವುದಿಲ್ಲ. 85 ಡೆಸಿಬಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆ ಮಿತಿ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಶಿಫಾರಸು. ಪ್ರತಿ 3 ಡೆಸಿಬಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ನಲ್ಲಿ ಉಳಿಯುವುದು ಹದಿನೈದೇ ನಿಮಿಷ. ಡ್ರಮ್ಸ್ ಪಕ್ಕದಲ್ಲಿ ಅಭ್ಯಾಸದ ಮೊದಲ ಹಾಡುಗಳಲ್ಲೇ ಆ ಸಮಯ ಕಳೆದುಹೋಗಬಹುದು. ಎಲ್ಲ ಸ್ಥಾಯಿಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಕಿವಿಬಿರಡೆಗಳಿವೆ. ವಾದ್ಯದ ನಾದ ಬದಲಿಸುವ ಹೊಸ ಪೆಡಲ್‌ಗಿಂತ ಮೊದಲು ಅವನ್ನು ಕೊಳ್ಳಿ. ಸದ್ದಿನಿಂದ ಶಾಶ್ವತವಾಗಿ ಕಳೆದುಹೋದ ಶ್ರವಣವನ್ನು ಮರಳಿಸುವ ಚಿಕಿತ್ಸೆ ಇನ್ನೂ ಇಲ್ಲ.

ಇನ್ನು ಒಪ್ಪಿದ ಮಾತನ್ನು ಬರೆದಿಡುವ ವಿಷಯ. ಗೆಳೆಯರೇ ಸೇರಿ ಹಾಡು ಕಟ್ಟುವಾಗ ಪಾಲಿನ ಮಾತೆತ್ತಲು ಸಂಕೋಚವಾಗುತ್ತದೆ, ನಿಜ. ಆದರೂ ಹಾಡು ಮುಗಿದ ದಿನವೇ ಸಾಹಿತ್ಯ ಯಾರದು, ಸಂಯೋಜನೆ ಯಾರದು, ಯಾರಿಗೆ ಶೇಕಡ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹಾಡು ಗೆದ್ದ ಮೇಲೆ ಈ ಮಾತುಕತೆ ಎಂದೂ ಸುಲಭವಾಗುವುದಿಲ್ಲ. ಬೇರೆಯವರ ಹಾಡಿಗೆ ಸಂಭಾವನೆ ಪಡೆದು ನುಡಿಸುವಾಗಲೂ, ಆ ಹಣಕ್ಕೆ ನೀವು ಯಾವ ಯಾವ ಹಕ್ಕು ಬಿಟ್ಟುಕೊಡುತ್ತಿದ್ದೀರಿ, ನಿಮ್ಮ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಹೆಡ್‌ಫೋನ್ ಹಾಕಿಕೊಳ್ಳುವ ಮುಂಚೆಯೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.