ಮಾಂಸ, ಮೊಟ್ಟೆ ಮುಟ್ಟದವರಿಗೂ ಕೊಲೆಸ್ಟ್ರಾಲ್ ಏಕೆ ಏರುತ್ತದೆ?

ಪ್ರಶ್ನೆ: ನಾನು ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯನ್ನೂ ತಿಂದವನಲ್ಲ. ಮೈ ತೂಕವೂ ಹೆಚ್ಚಿಲ್ಲ, ಯಾವ ತೊಂದರೆಯೂ ಕಾಣಿಸಿಕೊಂಡಿಲ್ಲ. ಮನೆಯಲ್ಲಿ ‘ಕೊಲೆಸ್ಟ್ರಾಲ್ ಇಲ್ಲದ’ ಎಣ್ಣೆಯನ್ನೇ ತರುತ್ತೇವೆ. ಆದರೂ ಹೆಲ್ತ್ ಚೆಕಪ್‌ನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 172 ಎಂದು ಬಂದಿದೆ. ಲ್ಯಾಬಿನವರು ತಪ್ಪು ಮಾಡಿರಬಹುದೇ?

ಉತ್ತರ: ಬರೆಯುವವರ ವಯಸ್ಸು, ಊರು ಮತ್ತು ವರದಿಯ ಅಂಕಿ ಬದಲಾಗುತ್ತವೆಯೇ ಹೊರತು ಈ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಹಲವು ಬಾರಿ ಉತ್ತರಿಸಿದ ಮೇಲೂ ‘ಸಸ್ಯಾಹಾರಿಗಳಿಗೆ ಕೊಲೆಸ್ಟ್ರಾಲ್ ಬರುವುದಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಅಲುಗದೆ ಕುಳಿತಿದೆ. ಆದ್ದರಿಂದ ಈ ಸಲ ಬೇರೆಲ್ಲವನ್ನೂ ಚುಟುಕಾಗಿ ಹೇಳಿ, ಆ ನಂಬಿಕೆಯ ಬುಡವನ್ನೇ ನೋಡುತ್ತೇನೆ.

ಮೊದಲು ಲ್ಯಾಬಿನ ಮಾತು. ನಮ್ಮ ಬಹುತೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ ಲೆಕ್ಕ ಹಾಕಿ ಬರೆಯುತ್ತವೆ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಅನ್ನೂ, ಟ್ರೈಗ್ಲಿಸರೈಡ್ ಎಂಬ ರಕ್ತದ ಇನ್ನೊಂದು ಬಗೆಯ ಕೊಬ್ಬಿನ ಐದನೆಯ ಒಂದು ಭಾಗವನ್ನೂ ಕಳೆದರೆ ಉಳಿಯುವುದೇ ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದಾಗ ಈ ಲೆಕ್ಕವನ್ನು ನಂಬುವಂತಿಲ್ಲ. ನಿಮ್ಮ ವರದಿಯಲ್ಲಿ ಅದು ಅಷ್ಟಿಲ್ಲದಿದ್ದರೆ 172 ಎಂಬ ಅಂಕಿಯನ್ನು ನಿಜವೆಂದೇ ತಿಳಿಯಿರಿ. ಅನುಮಾನ ಉಳಿದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕೊಡಿ.

ಇನ್ನು ಮುಖ್ಯ ವಿಷಯ. ಕೊಲೆಸ್ಟ್ರಾಲ್ ಹೊರಗಿನಿಂದ ದೇಹದೊಳಗೆ ಹೊಕ್ಕ ಕಲ್ಮಶವಲ್ಲ. ನಮ್ಮ ಪ್ರತಿಯೊಂದು ಜೀವಕೋಶದ ಹೊರಪೊರೆಗೂ ಅದು ಬೇಕು. ಪಿತ್ತರಸ, ಕಾರ್ಟಿಸಾಲ್, ಈಸ್ಟ್ರೋಜನ್, ಟೆಸ್ಟೋಸ್ಟೆರೋನ್ ಹಾರ್ಮೋನುಗಳು ಇವೆಲ್ಲ ತಯಾರಾಗುವುದು ಅದರಿಂದಲೇ. ಇಷ್ಟು ಅಗತ್ಯವಾದದ್ದನ್ನು ದೇಹವು ನಮ್ಮ ಊಟದ ಮರ್ಜಿಗೆ ಬಿಟ್ಟಿಲ್ಲ. ದೇಹದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು, ಸ್ಥೂಲವಾಗಿ ಮುಕ್ಕಾಲು ಭಾಗ, ದೇಹದೊಳಗೇ ಹುಟ್ಟುತ್ತದೆ, ಅದರಲ್ಲಿ ಯಕೃತ್ತಿನದು ದೊಡ್ಡ ಪಾತ್ರ. ಒಂದು ಗುಲಗಂಜಿಯಷ್ಟೂ ಕೊಲೆಸ್ಟ್ರಾಲ್ ತಿನ್ನದವರ ರಕ್ತದಲ್ಲೂ ಅದು ಇದ್ದೇ ಇರುತ್ತದೆ.

ಹಾಗಾದರೆ ಒಬ್ಬರಲ್ಲಿ 90, ಇನ್ನೊಬ್ಬರಲ್ಲಿ 172 ಏಕೆ? ತಯಾರಾದದ್ದನ್ನು ಯಕೃತ್ತು ಎಷ್ಟು ಚುರುಕಾಗಿ ವಾಪಸು ಎಳೆದುಕೊಳ್ಳುತ್ತದೆ ಎಂಬುದನ್ನು ನೋಡಿದರೆ ಉತ್ತರದ ಬಹುಭಾಗ ಸಿಗುತ್ತದೆ. ಯಕೃತ್ತಿನ ಜೀವಕೋಶಗಳ ಮೇಲ್ಮೈಯಲ್ಲಿ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆ ಸೆಳೆಯುವ ಗ್ರಾಹಕಗಳಿರುತ್ತವೆ. ಅಮೆರಿಕದ ಡಲ್ಲಾಸ್‌ನಲ್ಲಿ ಇವನ್ನು ಗುರುತಿಸಿ ವಿವರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗ್ರಾಹಕಗಳು ಕಡಿಮೆಯಾದರೆ ಎಲ್‌ಡಿಎಲ್ ರಕ್ತದಲ್ಲೇ ಹೆಚ್ಚು ಕಾಲ ಸುತ್ತುತ್ತದೆ. ಅವು ಕಡಿಮೆಯಾಗಲು ಎರಡು ದೊಡ್ಡ ಕಾರಣಗಳಿವೆ. ಒಂದು, ಅಪ್ಪ ಅಮ್ಮನಿಂದ ಬಂದ ಜೀನುಗಳು. ಇನ್ನೊಂದು, ನಾವು ತಿನ್ನುವ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪ, ತೆಂಗಿನೆಣ್ಣೆಗಳಲ್ಲಿರುವಂತೆ ತಣ್ಣಗಾದರೆ ಗಟ್ಟಿಯಾಗುವ ಬಗೆಯ ಕೊಬ್ಬು. ಸಸ್ಯಾಹಾರಿಯ ತಟ್ಟೆ ಎಡವುವುದು ಇಲ್ಲಿಯೇ.

ನಮ್ಮ ಸಸ್ಯಾಹಾರವೆಂದರೆ ಬರೀ ಸೊಪ್ಪು ಕಾಳುಗಳಲ್ಲ. ಹಾಲು, ಗಟ್ಟಿ ಮೊಸರು, ಬೆಣ್ಣೆ, ತುಪ್ಪ, ಪನೀರ್, ಪೇಡ ಇವೆಲ್ಲ ಪ್ರಾಣಿಜನ್ಯವೇ, ಇವುಗಳಲ್ಲಿ ಕೊಲೆಸ್ಟ್ರಾಲ್ ಕೂಡ ಇದೆ. ಅದಕ್ಕಿಂತ ಮುಖ್ಯವಾಗಿ, ತುಪ್ಪದ ಅರ್ಧಕ್ಕಿಂತ ಹೆಚ್ಚು ಭಾಗ ಸ್ಯಾಚುರೇಟೆಡ್ ಕೊಬ್ಬು. ಒಂದು ದೊಡ್ಡ ಚಮಚ ತುಪ್ಪದಲ್ಲಿ ಅದು ಎಂಟು ಗ್ರಾಂ ದಾಟುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 22 ಗ್ರಾಂ. ಬೆಳಗ್ಗೆ ಬೆಣ್ಣೆ ದೋಸೆ, ಮಧ್ಯಾಹ್ನ ಅನ್ನ ಸಾರಿನ ಮೇಲೆ ತುಪ್ಪ, ಸಂಜೆ ಒಂದು ತುಂಡು ಮೈಸೂರು ಪಾಕ್ ಎಂದರೆ ಮಿತಿ ಆಗಲೇ ಮುಗಿದಿರುತ್ತದೆ. ಮೀನು ಮುಟ್ಟದ ಕರಾವಳಿಯ ಮನೆಗಳಲ್ಲಿ ಹರಿಯುವ ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇಕಡಾ 85ಕ್ಕೂ ಮಿಗಿಲು, ತುಪ್ಪಕ್ಕಿಂತಲೂ ಹೆಚ್ಚು. ಅದು ಎಚ್‌ಡಿಎಲ್ ಅನ್ನೂ ಏರಿಸುತ್ತದೆ ಎಂಬ ಸಮರ್ಥನೆ ಸುಳ್ಳಲ್ಲ, ಆದರೆ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆಗೆ ಹೋಲಿಸಿದರೆ ಎಲ್‌ಡಿಎಲ್ ಅನ್ನೂ ಏರಿಸುತ್ತದೆ, ನಮಗೆ ಭಯವಿರುವುದು ಆ ಏರಿಕೆಯದು.

ಈಗ ಆ ಎಣ್ಣೆ ಪ್ಯಾಕೆಟ್ಟಿನ ಮೇಲಿನ ಬರಹ. ಗಿಡಗಳಿಂದ ಬರುವ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಶೇಂಗಾ ಎಣ್ಣೆಯಲ್ಲಿಲ್ಲ, ಎಳ್ಳೆಣ್ಣೆಯಲ್ಲಿಲ್ಲ, ತೆಂಗಿನೆಣ್ಣೆ, ಪಾಮ್ ಎಣ್ಣೆಗಳಲ್ಲೂ ಇಲ್ಲ. ಎಲ್ಲ ಎಣ್ಣೆಗೂ ಅನ್ವಯಿಸುವ ಮಾತನ್ನು ಒಂದೇ ಎಣ್ಣೆಯ ಹಿರಿಮೆಯೆಂಬಂತೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದಾಗ, ಅದನ್ನು ಧೈರ್ಯವಾಗಿ ಸುರಿಯಬಹುದೆಂದು ಮನೆಯವರು ತಿಳಿಯುತ್ತಾರೆ. ಅದು ನನಗೆ ಬೇಸರ ತರುವ ವಿಷಯ. ಪ್ಯಾಕೆಟ್ಟನ್ನು ತಿರುಗಿಸಿ, ಹಿಂಬದಿಯ ಸಣ್ಣ ಕೋಷ್ಟಕದಲ್ಲಿ ಸ್ಯಾಚುರೇಟೆಡ್ ಕೊಬ್ಬು ಎಷ್ಟು ಎಂಬ ಸಾಲನ್ನು ಓದಿ. ಸೂರ್ಯಕಾಂತಿ ಎಣ್ಣೆಯಲ್ಲಿ ಅದು 100 ಗ್ರಾಂಗೆ ಸುಮಾರು 11 ಗ್ರಾಂ, ಪಾಮ್ ಎಣ್ಣೆಯಲ್ಲಿ ಸುಮಾರು 50. ಬೇಕರಿಯ ಪಫ್, ಖಾರ ಬಿಸ್ಕತ್ತುಗಳಲ್ಲಿ ಬಳಕೆಯಾಗುವ ವನಸ್ಪತಿಯಲ್ಲಿ, ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಇವೆಲ್ಲಕ್ಕಿಂತ ಕೆಟ್ಟದ್ದು. 2022ರಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇಕಡಾ 2 ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿರುವುದು ನಿಜಕ್ಕೂ ಒಳ್ಳೆಯ ಕೆಲಸ.

ಇದಕ್ಕೆ ತದ್ವಿರುದ್ಧವಾಗಿ, ಇಷ್ಟು ವರ್ಷ ಎಲ್ಲ ಅಪವಾದವನ್ನೂ ಹೊತ್ತ ಮೊಟ್ಟೆಯಲ್ಲಿ ಸುಮಾರು 185 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಸ್ಯಾಚುರೇಟೆಡ್ ಕೊಬ್ಬು ಎರಡು ಗ್ರಾಂ ಆಸುಪಾಸು ಮಾತ್ರ. ತಿಂದ ಕೊಲೆಸ್ಟ್ರಾಲ್ ಹೆಚ್ಚಾದಾಗ ಹೆಚ್ಚಿನವರ ದೇಹ ತನ್ನ ತಯಾರಿಕೆಯನ್ನು ತಗ್ಗಿಸಿಕೊಳ್ಳುತ್ತದೆ. ಮೊಟ್ಟೆ ತಿನ್ನಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ಅದು ಅವರವರ ಮನೆಯ ಪದ್ಧತಿ. ಮೊಟ್ಟೆ ಬಿಟ್ಟಿದ್ದೇ ರಕ್ಷಣೆ ಎಂದು ಭಾವಿಸಬೇಡಿ ಎಂದಷ್ಟೇ ಹೇಳುತ್ತಿದ್ದೇನೆ.

ತೂಕ ಹೆಚ್ಚಿಲ್ಲ ಎಂಬುದೂ ಭರವಸೆಯಲ್ಲ. ತೆಳ್ಳಗಿನವರಲ್ಲೂ ಆನುವಂಶಿಕವಾಗಿ ಎಲ್‌ಡಿಎಲ್ ಏರಿರಬಹುದು. ಅನ್ನ, ಮೈದಾ, ಸಕ್ಕರೆ ಅತಿಯಾದಾಗ ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸುತ್ತದೆ, ಅದರ ಜೊತೆಗೆ ಎಚ್‌ಡಿಎಲ್ ಇಳಿಯುತ್ತದೆ. ಭಾರತೀಯರಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಚಿತ್ರ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 81ರಷ್ಟು ಮಂದಿಗೆ ರಕ್ತದ ಕೊಬ್ಬಿನ ಯಾವುದಾದರೂ ಒಂದು ಅಂಶದಲ್ಲಿ ಏರುಪೇರು ಇತ್ತು.

ತೊಂದರೆ ಕಾಣಿಸಿಲ್ಲ ಎಂಬ ಮಾತಿಗೂ ಉತ್ತರ ಬೇಕು. ಎಲ್‌ಡಿಎಲ್ ಏರಿದರೆ ನೋವಿಲ್ಲ, ಸುಸ್ತಿಲ್ಲ, ತಲೆಸುತ್ತಿಲ್ಲ. ಬೋರ್‌ವೆಲ್ ಪೈಪಿನ ಒಳಗೆ ಉಪ್ಪು ಕಟ್ಟಿದಂತೆ ಕೊಬ್ಬು ರಕ್ತನಾಳದ ಒಳಮೈಗೆ ಅಂಟುತ್ತದೆ ಎಂದು ಹಲವರು ಊಹಿಸುತ್ತಾರೆ. ನಿಜವಾಗಿ ಅದು ನಾಳದ ಗೋಡೆಯ ಒಳಪದರಕ್ಕೇ ಇಳಿದು, ಅಲ್ಲಿ ಉರಿಯೂತ ಹುಟ್ಟಿಸಿ, ದಶಕಗಳ ಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಕೊರಿಯಾ ಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕರ ಶವಪರೀಕ್ಷೆಯ ವರದಿ 1953ರಲ್ಲಿ ಹೊರಬಂದಾಗ, ಸರಾಸರಿ 22ರ ಹರೆಯದ ಆ ಹುಡುಗರಲ್ಲಿ ಮುಕ್ಕಾಲು ಪಾಲು ಮಂದಿಯ ಹೃದಯದ ರಕ್ತನಾಳಗಳಲ್ಲಿ ಆಗಲೇ ರೋಗದ ಗುರುತು ಕಂಡಿತ್ತು. ಹೀಗೆ ಬೆಳೆದ ಗಂಟಿನ ಹೊರಪದರ ಒಂದು ದಿನ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗುತ್ತದೆ. ಹಲವರಿಗೆ ಮೊದಲ ಲಕ್ಷಣವೇ ಅದು.

ನಿಮ್ಮ 172ಕ್ಕೆ ಏನು ಮಾಡಬೇಕು? ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದರೂ ಎಲ್‌ಡಿಎಲ್ ಏರುತ್ತದೆ, ಆದ್ದರಿಂದ ಮೊದಲು ಟಿಎಸ್‌ಎಚ್ ಪರೀಕ್ಷೆ. ಜೊತೆಗೆ ಸಕ್ಕರೆ, ರಕ್ತದೊತ್ತಡ ಮತ್ತು ಮೂತ್ರದಲ್ಲಿ ಪ್ರೋಟೀನ್ ನೋಡಿಸಿ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಅಪಾಯ ಕಡಿಮೆಯಿರುವವರ ಎಲ್‌ಡಿಎಲ್ 100ರ ಒಳಗೆ, ಸಕ್ಕರೆ ಕಾಯಿಲೆಯಂತಹ ಹೆಚ್ಚಿನ ಅಪಾಯವಿರುವವರದು 70ರ ಒಳಗೆ, ಈಗಾಗಲೇ ಹೃದಯಾಘಾತವಾದವರದು 55ರ ಒಳಗೆ ಇರಬೇಕು. ತುಪ್ಪ, ತೆಂಗಿನೆಣ್ಣೆ ತಗ್ಗಿಸಿ ಹೆಸರುಕಾಳು, ಹುರುಳಿ, ಓಟ್ಸ್, ಸೊಪ್ಪುಗಳನ್ನು ಹೆಚ್ಚಿಸಿದರೆ ಎಲ್‌ಡಿಎಲ್ ಖಂಡಿತ ಇಳಿಯುತ್ತದೆ, ಆದರೆ 172ನ್ನು 100ಕ್ಕೆ ತರುವಷ್ಟು ಇಳಿಯುವುದು ಅಪರೂಪ. ಆಗ ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದರೆ ಗಾಬರಿ ಬೇಡ. ಜಪಾನಿನ ಅಕಿರಾ ಎಂಡೊ ಅವರು 1973ರಲ್ಲಿ ಮೊದಲ ಸ್ಟ್ಯಾಟಿನ್ ಅನ್ನು ಬೇರ್ಪಡಿಸಿದ್ದು ಅಕ್ಕಿಯ ಮೇಲೆ ಬೆಳೆದ ನೀಲಿ ಹಸಿರು ಬೂಷ್ಟಿನಿಂದ. ಎಲ್‌ಡಿಎಲ್ ಸುಮಾರು 39 ಇಳಿದಾಗಲೆಲ್ಲ ಹೃದಯಾಘಾತ, ಪಾರ್ಶ್ವವಾಯುಗಳಂತಹ ಗಂಭೀರ ಘಟನೆಗಳು ಐದನೆಯ ಒಂದು ಭಾಗದಷ್ಟು ತಗ್ಗುವುದು ದೊಡ್ಡ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮುಂದಿನ ವರದಿ ನಾರ್ಮಲ್ ಬಂದಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದು ನಾರ್ಮಲ್ ಆದದ್ದು ಮಾತ್ರೆಯಿಂದ.

ನೀವು ಕೇಳದಿದ್ದರೂ ನಾನು ಹೇಳಲೇಬೇಕಾದ ಇನ್ನೊಂದು ವಿಷಯವಿದೆ: ಮನೆಯ ಉಳಿದವರ ಪರೀಕ್ಷೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಎಲ್‌ಡಿಎಲ್ ಗ್ರಾಹಕಗಳ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಇವರ ಎಲ್‌ಡಿಎಲ್ ಸಾಮಾನ್ಯವಾಗಿ 190 ದಾಟುತ್ತದೆ. ಹಿಮ್ಮಡಿಯ ಮೇಲಿನ ದಪ್ಪ ನರದಂತಿರುವ ಸ್ನಾಯುರಜ್ಜುವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರೆ ಅದು ಗಂಟುಗಂಟಾಗಿ ಉಬ್ಬಿರಬಹುದು. 45 ತುಂಬುವ ಮೊದಲೇ ಕಣ್ಣಿನ ಕಪ್ಪು ಭಾಗದ ಸುತ್ತ ಬಿಳಿ ಉಂಗುರ ಮೂಡಿರಬಹುದು. ಅಂಥವರ ಪ್ರತಿ ಮಗುವಿಗೂ ಅದು ಇಳಿದು ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ಅಪ್ಪ, ಚಿಕ್ಕಪ್ಪ, ಸೋದರಮಾವ ಇವರಲ್ಲಿ ಯಾರಿಗಾದರೂ 55ರ ಒಳಗೆ, ಅಥವಾ ಅಮ್ಮ, ಸೋದರತ್ತೆಯಂದಿರಲ್ಲಿ ಯಾರಿಗಾದರೂ 65ರ ಒಳಗೆ ಹೃದಯಾಘಾತವಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಉಳಿದ ಎಲ್ಲರಿಗೂ ಮೊದಲ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) 18ನೇ ವಯಸ್ಸಿಗೆ ಆಗಬೇಕೆನ್ನುವ ಅದೇ ಮಾರ್ಗಸೂಚಿ, ಇಂತಹ ಮನೆಗಳ ಮಕ್ಕಳಿಗೆ ಅದಕ್ಕೂ ಮೊದಲೇ ಮಾಡಿಸಲು ಹೇಳುತ್ತದೆ. ಮೊದಲ ಪರೀಕ್ಷೆಗೆ ಮಗುವನ್ನು ಬರಿ ಹೊಟ್ಟೆಯಲ್ಲಿ ಕರೆದೊಯ್ಯಬೇಕಾಗಿಲ್ಲ. ತಿಂಡಿ ತಿನ್ನಿಸಿಯೇ ರಕ್ತ ಕೊಡಿಸಬಹುದು.