ಹೊಡೆದರೆ ಲೆಕ್ಕ, ಠೂ ಬಿಟ್ಟರೆ?

ಹದಿಹರೆಯದವರಲ್ಲಿ ಆಕ್ರಮಣಕಾರಿ ವರ್ತನೆ ಎಷ್ಟು ಎಂದು ಕೇಳಿದರೆ ಒಂದೊಂದು ಅಧ್ಯಯನ ಒಂದೊಂದು ಉತ್ತರ ಕೊಡುತ್ತದೆ. ಮಕ್ಕಳು ಬೇರೆಬೇರೆ ಎನ್ನುವುದಷ್ಟೇ ಇದಕ್ಕೆ ಕಾರಣವಲ್ಲ, ಅಳೆಯುವ ಕೋಲೂ ಬೇರೆಬೇರೆ.

1957ರಲ್ಲಿ ಅಮೆರಿಕದ ಸಂಶೋಧಕರಾದ ಬಸ್ ಮತ್ತು ಡರ್ಕಿ ಹಗೆತನ, ಆಕ್ರಮಣ ಅಳೆಯಲು ರೂಪಿಸಿದ ಪಟ್ಟಿಯಲ್ಲಿ 75 ವಾಕ್ಯಗಳಿದ್ದವು. ಸರಿ ಅಥವಾ ತಪ್ಪು ಎಂದರಾಯಿತು. ಅದರಲ್ಲಿ 'ಪರೋಕ್ಷ' ಎಂಬ ವಿಭಾಗವೂ ಇತ್ತು, ಆದರೆ ಬೆನ್ನ ಹಿಂದೆ ಆಡಿಕೊಳ್ಳುವುದು, ಬಾಗಿಲು ದಢಾರನೆ ಹಾಕುವುದು ಎರಡೂ ಅಲ್ಲಿ ಒಂದೇ ಬುಟ್ಟಿಗೆ ಬಿದ್ದಿದ್ದವು. 1992ರಲ್ಲಿ ಬಸ್ ಮತ್ತು ಪೆರಿ ಅದನ್ನು 29 ವಾಕ್ಯಗಳಿಗೆ ಇಳಿಸಿದರು. ಕೈಜಗಳ, ಬಾಯಿಜಗಳ, ಕೋಪ, ಹಗೆತನ ಉಳಿದವು, ಪರೋಕ್ಷ ಉದುರಿಹೋಯಿತು. ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದ ಆ ಪ್ರಶ್ನಾವಳಿಯೇ ಮುಂದೆ ಹೈಸ್ಕೂಲು ಮಕ್ಕಳ ಕೈಗೂ ಬಂತು.

ಅಷ್ಟರಲ್ಲಿ ಫಿನ್ಲೆಂಡಿನಲ್ಲಿ ಬೇರೆಯೇ ಕೆಲಸ ನಡೆದಿತ್ತು. 1988ರಲ್ಲಿ ಲಾಗರ್‌ಸ್ಪೆಟ್ಜ್, ಬ್ಯೋರ್ಕ್‌ವಿಸ್ಟ್ ಮತ್ತು ಪೆಲ್ಟೊನೆನ್ 11-12 ವರ್ಷದ ಮಕ್ಕಳ ಬಳಿ 'ನಿನಗೆ ಸಿಟ್ಟು ಬರುತ್ತದೆಯೇ' ಎಂದಷ್ಟೇ ಕೇಳುತ್ತ ಕೂರಲಿಲ್ಲ. ನಿನ್ನ ತರಗತಿಯ ಇಂಥವರಿಗೆ ಸಿಟ್ಟು ಬಂದಾಗ ಏನು ಮಾಡುತ್ತಾರೆ ಎಂದು ಕೇಳಿದರು. ಒದೆಯುತ್ತಾರೆಯೇ? ಹಿಂದಿನಿಂದ ಚಾಡಿ ಹೇಳುತ್ತಾರೆಯೇ? ಸೇಡಿಗೆಂದೇ ಇನ್ನೊಬ್ಬರ ಸ್ನೇಹ ಮಾಡುತ್ತಾರೆಯೇ? ಜಗಳವನ್ನೇ ಆಡದ ಜಾತಿ ಎಂದು ಅಲ್ಲಿಯವರೆಗೆ ಬದಿಗಿಟ್ಟಿದ್ದ ಹುಡುಗಿಯರು ಒಮ್ಮೆಲೇ ಲೆಕ್ಕಕ್ಕೆ ಬಂದರು. (ನಮ್ಮ ಶಾಲಾ ಅಂಗಳದಲ್ಲಿ ಹೀಗೆ ಸ್ನೇಹ ಮುರಿದು ಸಿಟ್ಟು ತೀರಿಸಿಕೊಳ್ಳುವುದಕ್ಕೆ 'ಠೂ ಬಿಡುವುದು' ಎಂಬ ಮಾತು ಇದ್ದೇ ಇದೆ.) 1995ರಲ್ಲಿ ಅಮೆರಿಕದ ಕ್ರಿಕ್ ಮತ್ತು ಗ್ರೋಟ್‌ಪೀಟರ್ ಸ್ನೇಹವನ್ನೇ ಆಯುಧವಾಗಿ ಬಳಸುವ ಇಂಥ ವರ್ತನೆಯನ್ನು ಸಂಬಂಧಗಳ ಮೂಲಕದ ಆಕ್ರಮಣ ಎಂದು ಅಳೆದರು. ಅದು ಬೇಗನೆ 'ಹುಡುಗಿಯರ ಅಸ್ತ್ರ' ಎಂಬ ಹೆಸರು ಪಡೆಯಿತು. ಆದರೆ 2008ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇದರಲ್ಲಿ ಹುಡುಗ ಹುಡುಗಿಯರ ನಡುವೆ ಕಂಡ ಅಂತರ ತೀರಾ ಚಿಕ್ಕದು.

ಹೇಗೆ ಎಂಬುದರ ಜೊತೆ ಏಕೆ ಎಂಬುದೂ ಸೇರಿತು. ಕೆಣಕಿದ್ದಕ್ಕೆ ಸಿಡಿಯುವುದು ಬೇರೆ, ಬೇಕಾದ್ದನ್ನು ದಕ್ಕಿಸಿಕೊಳ್ಳಲು ತಣ್ಣಗೆ ಹೆದರಿಸುವುದು ಬೇರೆ. ಡಾಡ್ಜ್ ಮತ್ತು ಕೋಯಿ 1987ರಲ್ಲಿ ಇದನ್ನು ಶಿಕ್ಷಕರಿಂದ ಅಳೆಸಿದರು. 2006ರಲ್ಲಿ ರೇನ್ ಮತ್ತು ಸಂಗಡಿಗರ 23 ಪ್ರಶ್ನೆಗಳ ಪಟ್ಟಿ ಹದಿಹರೆಯದವರನ್ನೇ ಕೇಳಿತು.

ಶಿಕ್ಷಕರಿಗೆ ಕಾಣುವುದು ತರಗತಿ ಮಾತ್ರ, ವಾಟ್ಸಾಪ್ ಗುಂಪಲ್ಲ. ಯಾರು ಹೀಗೆ ವರ್ತಿಸುತ್ತಾರೆ ಎಂದು ಸಹಪಾಠಿಗಳಿಂದ ಹೆಸರು ಬರೆಸಲು ಮನೆಯವರ ಒಪ್ಪಿಗೆ ಸಿಗುವುದು ಸುಲಭವಲ್ಲ. ಹೀಗಾಗಿ ಸಂಶೋಧಕರು ಮತ್ತೆಮತ್ತೆ ಮಕ್ಕಳೇ ತುಂಬಿಕೊಡುವ ಹಾಳೆಗೆ ಮರಳುತ್ತಾರೆ. ಅಗ್ಗ, ಹತ್ತು ನಿಮಿಷದ ಕೆಲಸ. 'ಗೆಳತಿಯನ್ನು ಬೇಕೆಂದೇ ಹೊರಗಿಟ್ಟಿದ್ದೇನೆ' ಎಂಬ ವಾಕ್ಯದೆದುರು 'ಎಂದೂ ಇಲ್ಲ' ಎಂದು ಗುರುತು ಹಾಕಿದ ಹುಡುಗಿ ಮುಚ್ಚಿಡುತ್ತಿದ್ದಾಳೋ, ತಾನು ಮಾಡಿದ್ದು ಅದೇ ಎಂದು ಅವಳಿಗೆ ಹೊಳೆದೇ ಇಲ್ಲವೋ, ಅಂಕ ಮಾತ್ರ ಎರಡಕ್ಕೂ ಒಂದೇ.