ತೊಗರಿ ಬೇಳೆಯಾಗುವುದು ಹೇಗೆ: ಎಲ್ಲಾ ಆ ಅಂಟಿನ ಕಾಟ

ದಾಲ್ ಮಿಲ್ ಪಾಠದ ಹಂತಗಳನ್ನು ಬಾಯಿಪಾಠ ಮಾಡಿ ಕೆಟ್ಟವರಲ್ಲಿ ನಾನೂ ಒಬ್ಬ. ಕಿರುಪರೀಕ್ಷೆಯಲ್ಲಿ ಎಣ್ಣೆ ಹಚ್ಚುವುದನ್ನು ಮೊದಲು ಬರೆದೆ, ಕಾಳಿಗೆ ಗೀರು ಹಾಕುವುದನ್ನು ಆಮೇಲೆ. ನಾಲ್ಕು ಅಂಕ ಹೋದವು. ಹುಟ್ಟಿ ಬೆಳೆದದ್ದು ತೊಗರಿ ಕಣಜ ಎನ್ನಿಸಿಕೊಂಡ ಕಲಬುರಗಿಯಲ್ಲಿ; ಇಲ್ಲಿನ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಆದರೂ ಕಾಳು ಬೇಳೆಯಾಗುವುದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಆಮೇಲೆ ಒಂದು ಮಿಲ್ಲಿನಲ್ಲಿ ಅರ್ಧ ದಿನ ನಿಂತು ನೋಡಿ ಬರೆದುಕೊಂಡದ್ದು ಇದು.

ಮೊದಲು ಕಾಳನ್ನು ನೋಡಿ. ಹೊರಗೆ ಸಿಪ್ಪೆ, ಒಳಗೆ ಎರಡು ಬೀಜದಳ, ಅಂಚಿನಲ್ಲಿ ಸಣ್ಣ ಮೊಳಕೆ. ಸಿಪ್ಪೆಗೂ ಬೀಜದಳಕ್ಕೂ ನಡುವೆ ತೆಳ್ಳನೆಯ ಅಂಟಿನ ಪದರವಿದೆ. ಕಡಲೆಯಲ್ಲಿ ಈ ಅಂಟಿನ ಕಾಟ ಕಡಿಮೆ. ಹುರಿದ ಕಡಲೆಯನ್ನು ಅಂಗೈಯಲ್ಲಿ ಉಜ್ಜಿ ಊದಿದರೆ ಸಿಪ್ಪೆ ಹಾರುತ್ತದೆ. ತೊಗರಿ, ಉದ್ದು, ಹೆಸರು ಅಷ್ಟು ಸುಲಭಕ್ಕೆ ಸಿಪ್ಪೆ ಬಿಡುವುದಿಲ್ಲ. ಮಿಲ್ಲಿನ ಅರ್ಧಕ್ಕಿಂತ ಹೆಚ್ಚು ಕೆಲಸ ಈ ಅಂಟಿನ ಜೊತೆಗಿನ ಜಗ್ಗಾಟವೇ.

ಶುಚಿ ಮಾಡುವ ಹಂತದಲ್ಲಿ ಹೆಚ್ಚು ಹೇಳುವುದಿಲ್ಲ. ಜರಡಿ ಕಸಕಡ್ಡಿ ತೆಗೆಯುತ್ತದೆ, ಆಯಸ್ಕಾಂತ ಕಬ್ಬಿಣದ ಚೂರು ಹಿಡಿಯುತ್ತದೆ. ಕಾಳಿನಷ್ಟೇ ದಪ್ಪವಿರುವ ಕಲ್ಲು ಜರಡಿಗೆ ಸಿಗುವುದಿಲ್ಲ. ಅದನ್ನು ಡಿಸ್ಟೋನರ್ ತೂಕದ ವ್ಯತ್ಯಾಸದಿಂದ ಬೇರ್ಪಡಿಸುತ್ತದೆ. ಆಮೇಲೆ ಕಾಳನ್ನು ಗಾತ್ರದ ಪ್ರಕಾರ ವಿಂಗಡಿಸುತ್ತಾರೆ. ಇದನ್ನು ಯಾಕೆ ಅಂತ ಪರೀಕ್ಷೆಯಲ್ಲಿ ಕೇಳುತ್ತಾರೆ, ಬರೆದುಕೊಳ್ಳಿ: ಮುಂದಿನ ಯಂತ್ರದಲ್ಲಿ ರೋಲರಿಗೂ ಅದರ ಸುತ್ತಲಿನ ಜಾಲರಿಗೂ ನಡುವಿನ ಸಂದು ಒಂದೇ ಅಳತೆಯದು. ಸಣ್ಣ ಕಾಳು ಉಜ್ಜದೆ ಜಾರಿಹೋಗುತ್ತದೆ, ದೊಡ್ಡದು ಒಡೆಯುತ್ತದೆ.

ಈಗ ನನ್ನ ಅಂಕ ತಿಂದ ಜಾಗ. ರೋಲರಿನ ಮೈಗೆ ಎಮರಿ ಲೇಪನವಿರುತ್ತದೆ, ಮುಟ್ಟಿದರೆ ಮರಳುಕಾಗದದಂತೆ ಒರಟು. ಮೊದಲ ಸುತ್ತಿನಲ್ಲಿ ಅದು ಸಿಪ್ಪೆ ತೆಗೆಯಲು ಹೋಗುವುದಿಲ್ಲ, ಬರೀ ಗೀರುತ್ತದೆ. ಆ ಗೀರೇ ಎಣ್ಣೆಗೆ ಬಾಗಿಲು. ಗೀರು ಬೀಳದ ಕಾಳಿನ ಸಿಪ್ಪೆ ನುಣುಪು, ಅದರ ಮೇಲೆ ಸವರಿದ ಎಣ್ಣೆ ಮೇಲೆಯೇ ಉಳಿಯುತ್ತದೆ. ಕ್ವಿಂಟಲಿಗೆ ಸುಮಾರು 200ರಿಂದ 500 ಗ್ರಾಂ ಖಾದ್ಯತೈಲ ಸಾಕು. ಅದು ಗೀರಿನಿಂದ ಒಳಗಿಳಿದು ಅಂಟಿನ ಹಿಡಿತ ಸಡಿಲಿಸುತ್ತದೆ.

ಎಣ್ಣೆ ಇಳಿಯಲು ಹೊತ್ತು ಬೇಕು. ಹಗಲು ಅಂಗಳದಲ್ಲಿ ಹರವುತ್ತಾರೆ, ರಾತ್ರಿ ರಾಶಿ ಮಾಡಿ ಮುಚ್ಚುತ್ತಾರೆ. ಎರಡರಿಂದ ಐದು ದಿನ ಇದೇ ನಡೆಯುತ್ತದೆ. ಕಾಳು ಒಣಗಿ ಕುಗ್ಗುತ್ತದೆ, ಸಿಪ್ಪೆ ಸಡಿಲಾಗುತ್ತದೆ. ನಮ್ಮೂರ ಬಿಸಿಲಿಗೆ ಎಲ್ಲರೂ ಬಯ್ಯುತ್ತಾರೆ, ಮಿಲ್ಲಿನವರನ್ನು ಬಿಟ್ಟು. ಮಳೆಗಾಲದಲ್ಲಿ ಬಿಸಿಗಾಳಿಯ ಡ್ರೈಯರಿಗೆ ಖರ್ಚು ಮಾಡಬೇಕಲ್ಲ.

ನಮ್ಮಜ್ಜಿ ಮನೆಯಲ್ಲೇ ಬೇಳೆ ಮಾಡುತ್ತಿದ್ದಳು. ಕಾಳು ನೆನೆಹಾಕಿ, ಕೆಮ್ಮಣ್ಣು ಕಲಸಿ, ರಾತ್ರಿಯೆಲ್ಲ ಗುಡ್ಡೆ ಹಾಕಿ, ಒಣಗಿಸಿ ಬೀಸುಕಲ್ಲಿಗೆ ಹಾಕುವಳು. ಅಲ್ಲಿ ನೀರು, ಇಲ್ಲಿ ಎಣ್ಣೆ. ವೈರಿ ಮಾತ್ರ ಅದೇ ಅಂಟು.

ಆಮೇಲೆ ಮತ್ತೆ ರೋಲರ್. ಈಗ ಸಿಪ್ಪೆ ಬಿಡುತ್ತದೆ, ಹಗುರವಾದ ಹೊಟ್ಟನ್ನು ಗಾಳಿಯಂತ್ರ ಎಳೆದುಕೊಳ್ಳುತ್ತದೆ. ಸಿಪ್ಪೆ ಬಿಡದ ಕಾಳು ಪುನಃ ಎಣ್ಣೆ, ಬಿಸಿಲು, ರೋಲರ್ ಅಂತ ಮೂರು ನಾಲ್ಕು ಸಲ ತಿರುಗುತ್ತದೆ. ಅಲ್ಲಿದ್ದ ಮುಕದ್ದಮರನ್ನು (ಕೆಲಸಗಾರರ ಮೇಸ್ತ್ರಿ) ಕೇಳಿದೆ: "ಕಾಕಾ, ಜೋರ್ ಮಾಡಿ ಒಂದೇ ಸಲಕ್ಕ ತೆಗದ್ರ ಆಗಂಗಿಲ್ಲೇನ್ರಿ?" ಅವರು ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ತೋರಿಸಿದರು. "ಆಗ್ತದ ತಮ್ಮಾ. ಬ್ಯಾಳಿ ಹೋಗಿ ಹಿಟ್ಟ್ ಬರ್ತದ."

ಆ ಮಾತಿನಲ್ಲೇ ಲೆಕ್ಕವೂ ಇದೆ. 100 ಕೆಜಿ ತೊಗರಿಯಲ್ಲಿ ಬೀಜದಳದ ಪಾಲು ಸುಮಾರು 85 ಕೆಜಿ. ಸಾಂಪ್ರದಾಯಿಕ ವಿಧಾನದಲ್ಲಿ ಕೈಗೆ ಬರುವ ಬೇಳೆ ಸಾಮಾನ್ಯವಾಗಿ 70ರಿಂದ 75 ಕೆಜಿ. ನಡುವೆ ತಪ್ಪಿಹೋದದ್ದರಲ್ಲಿ ಹೆಚ್ಚಿನದು ಉಜ್ಜಿದ ಪುಡಿ ಮತ್ತು ನುಚ್ಚು. ಅದು ಚುನ್ನಿಯಾಗಿ ದನದ ಮೇವಿಗೆ ಹೋಗುತ್ತದೆ, ಹಾಳಾಗುವುದಿಲ್ಲ. ಆದರೆ ಬೇಳೆಯ ಬೆಲೆ ಅದಕ್ಕೆಲ್ಲಿ? ಈ ನಷ್ಟ ತಗ್ಗಿಸಲೆಂದೇ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬಿಸಿಲನ್ನು ನೆಚ್ಚದ ಸುಧಾರಿತ ವಿಧಾನ ರೂಪಿಸಿದ್ದು.

ಸಿಪ್ಪೆ ಹೋಗಿಯೂ ಒಡೆಯದೆ ಇಡಿಯಾಗಿರುವ ಕಾಳಿಗೆ ಗೋಟಾ ಅನ್ನುತ್ತಾರೆ. ಅದಕ್ಕೆ ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಒಣಗಿಸಿ ಒಡೆಯುತ್ತಾರೆ. ಎರಡು ದಳದ ಕೂಡು ಬಿಡುತ್ತದೆ, ಮೊಳಕೆಯೂ ಉದುರುತ್ತದೆ.

ಕೊನೆಗೆ ಸಾರ್ಟೆಕ್ಸ್ ಅನ್ನುವ ಬಣ್ಣ ವಿಂಗಡಿಸುವ ಯಂತ್ರ: ಕ್ಯಾಮೆರಾ ಬಣ್ಣ ನೋಡಿ, ಕಪ್ಪು ಬೇಳೆಯನ್ನು ಗಾಳಿಯ ಒಂದೇ ಊದಿಗೆ ಹೊರಹಾಕುತ್ತದೆ. ಆಮೇಲೆ ಬೇಕಾದವರಿಗೆ ಪಾಲಿಶ್. ಅದು ಕಣ್ಣಿಗಷ್ಟೇ, ರುಚಿಗಲ್ಲ ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಮನೆಗೆ ಪಾಲಿಶ್ ಇಲ್ಲದ್ದೇ ಬರುತ್ತದೆ. ಮಂಕಾಗಿರುತ್ತದೆ, ಡಬ್ಬಿಯ ತಳದಲ್ಲಿ ಒಂದಷ್ಟು ಹಳದಿ ಪುಡಿ ಉಳಿದಿರುತ್ತದೆ.